ಪದಚರ್ಚೆ: ಕುಸಿದ ಸೇವೆಯ ‘ರಿಕವರಿ’ಗೆ ಏನೆನ್ನೋಣ?

ಮಾನ್ಯರೇ,
ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾದ ಕೈಪಿಡಿ ಒಂದು ಪದಕ್ಕಾಗಿ ನಿಂತಿದೆ. ವಿಂಡೋಸ್‌ನಲ್ಲಿ ಮುದ್ರಣದ ಕೆಲಸಗಳನ್ನು ಸರದಿಯಲ್ಲಿಡುವ ಪ್ರಿಂಟ್ ಸ್ಪೂಲರ್‌ನಂತಹ ಹಿನ್ನೆಲೆ ಸೇವೆ ಕುಸಿದರೆ ಏನು ಮಾಡಬೇಕೆಂದು ಮೊದಲೇ ಹೇಳಿಡುವ ‘ರಿಕವರಿ’ ಪುಟವಿದೆಯಲ್ಲ, ಅದರ ಹೆಸರು. ಮೊದಲ ಸಲ, ಎರಡನೆಯ ಸಲ, ಆಮೇಲಿನ ಸಲ ಎಂದು ಮೂರು ಸಾಲು; ಪ್ರತಿ ಸಾಲಿಗೂ ಸುಮ್ಮನಿರು, ಸೇವೆಯನ್ನು ಮತ್ತೆ ಆರಂಭಿಸು, ಬೇರೊಂದು ಪ್ರೋಗ್ರಾಂ ನಡೆಸು, ಕಂಪ್ಯೂಟರನ್ನೇ ಮತ್ತೆ ಆರಂಭಿಸು ಎಂಬ ಆಯ್ಕೆಗಳು. ‘ಸ್ವಯಂಚಾಲಿತ ಮರುಚಾಲನೆ’ ಎಂದು ಬರೆದಿದ್ದೇನೆ. ಸರಿಯೇ? ಇಷ್ಟು ದಿನ ಕುಸಿಯದಿದ್ದರೆ ಕುಸಿತಗಳ ಎಣಿಕೆಯನ್ನು ಮೊದಲಿಂದ ಶುರುಮಾಡುವ ‘ರೀಸೆಟ್’ಗೂ ಪದ ಬೇಕು.

> ಮರುಚಾಲನೆ

ತಪ್ಪು. ‘ಮರು’ ಕನ್ನಡ, ‘ಚಾಲನೆ’ ಸಂಸ್ಕೃತ, ಶುದ್ಧ ಅರಿಸಮಾಸ. 13ನೆಯ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಇದನ್ನು ಹಳಿದಿದ್ದಾನೆ. ‘ಪುನಶ್ಚಾಲನೆ’ ಎನ್ನಿ, ಇಲ್ಲವೇ ಅಚ್ಚಗನ್ನಡದಲ್ಲಿ ‘ಮರಳೇಳಿಕೆ’ ಎನ್ನಿ.

> ಶುದ್ಧ ಅರಿಸಮಾಸ

ಮರುಮುದ್ರಣ, ಮರುಪರೀಕ್ಷೆ, ಮರುಮೌಲ್ಯಮಾಪನಗಳನ್ನು ಮೊದಲು ತಿದ್ದಿ ಬನ್ನಿ. ಬಿರುದಾವಳಿಗೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ, ಕಂಪ್ಯೂಟರಿಗೂ ಕೊಡುತ್ತಿದ್ದ. ನನ್ನ ತಕರಾರು ಬೇರೆ: ಮರುಚಾಲನೆ ಆ ನಾಲ್ಕು ಆಯ್ಕೆಗಳಲ್ಲಿ ಒಂದರ ಕೆಲಸ, ಇಡೀ ಪುಟದ ಹೆಸರಾಗದು. ‘ಚೇತರಿಕೆ’ ಸಾಕು. ‘ಮರುಪಡೆ’ಯನ್ನು ಅಳಿಸಿಹೋದ ಕಡತಕ್ಕೆ ಬಿಡಿ, ‘ವಸೂಲಿ’ಯನ್ನು ಬ್ಯಾಂಕಿಗೆ.

> ‘ಚೇತರಿಕೆ’ ಸಾಕು

ಜ್ವರ ಬಿಟ್ಟವರು ಚೇತರಿಸಿಕೊಳ್ಳುತ್ತಾರೆ. ಇಲ್ಲಿ ಸೇವೆ ತಾನಾಗಿ ಏಳುವುದಿಲ್ಲ, ವ್ಯವಸ್ಥೆ ಎಬ್ಬಿಸುತ್ತದೆ. ಆದರೂ ಬೇರೆ ಪದ ನನ್ನಲ್ಲಿಲ್ಲ. ‘ಸ್ಥಗಿತಗೊಂಡಾಗ’ ಎಂದು ಮಾತ್ರ ಬರೆಯಬೇಡಿ. ಸ್ಪೂಲರನ್ನು ನಾನೇ ನಿಲ್ಲಿಸಿ, ಈಗ ಏಳುತ್ತದೆ, ಆಗ ಏಳುತ್ತದೆ ಎಂದು ಅರ್ಧ ಗಂಟೆ ಕಾದವನು ನಾನು. ನಾವಾಗಿ ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ. ಹೇಳದೆ ಕೇಳದೆ ಬಿದ್ದರಷ್ಟೇ ಎಬ್ಬಿಸುವುದು. ‘ಕುಸಿದಾಗ’ ಎಂದೇ ಬರೆಯಿರಿ.

‘ವ್ಯವಸ್ಥೆ’, ‘ಸೇವೆ’! ಎಲ್ಲವೂ ಎರವಲು. ಸೇವೆಗೆ ‘ಊಳಿಗ’ ಇಲ್ಲವೇ?

> ಊಳಿಗ

ಓದಿದವರು ಜೀತ ಎಂದುಕೊಳ್ಳುತ್ತಾರೆ. ಎರವಲು ಬೇಡವೆಂದರೆ ನಾಳೆ ಬಸ್ಸೂ ಇಲ್ಲ, ಕಚೇರಿಯೂ ಇಲ್ಲ. ನಿಮ್ಮ ಹಾಗೆ ಮನೆಯಲ್ಲೇ ಕುಳಿತು ಪದ ಕಟ್ಟಬೇಕಾದೀತು.

ದಯವಿಟ್ಟು ಜಗಳ ಬೇಡ. ‘ಸೇವೆ ಕುಸಿದಾಗ ಚೇತರಿಕೆ’ ಎಂದು ಹಾಕಿದ್ದೇನೆ. ‘ಮರುಚಾಲನೆ’ ಆಯ್ಕೆಯ ಸಾಲಿಗೆ ಇಳಿದಿದೆ. ಎಣಿಕೆಯ ವಿಷಯ ಯಾರೂ ಹೇಳಲಿಲ್ಲ.

‘ಎಣಿಕೆ ಸೊನ್ನೆ ಮಾಡು’. ಇದಾದರೂ ಅಪ್ಪಟ ಕನ್ನಡ, ಹಾಕಿಕೊಳ್ಳಿ.

> ಅಪ್ಪಟ ಕನ್ನಡ

ಸೊನ್ನೆ ‘ಶೂನ್ಯ’ದ ತದ್ಭವ.