ಫರಸಿ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಬೇಕಿದೆ: ಸಾಲ ಎಲ್ಲಿ ಮಾಡುವುದು ಲೇಸು?

ಪ್ರಶ್ನೆ: ಚಿತ್ತಾಪುರದ ಮೇಷ್ಟ್ರು
ಚಿತ್ತಾಪುರ ತಾಲ್ಲೂಕಿನ ನಮ್ಮ ಹಳ್ಳಿ ಮನೆಗೆ ಕಬ್ಬಿಣದ ಗರ್ಡರ್ ಮೇಲೆ ಶಹಾಬಾದಿ ಫರಸಿ, ಅಂದರೆ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಒಂದು ಅಡಿ ಮಣ್ಣು ಹೊದಿಸಿದ ಮಾಳಿಗೆಯಿದೆ. ಈ ಮಳೆಗಾಲದಲ್ಲಿ ಎರಡು ಅಂಕಣಗಳು ಸೋರಿದವು; ಒಂದು ಗರ್ಡರ್ ತುಕ್ಕು ಹಿಡಿದು ಪದರು ಪದರಾಗಿ ಉದುರುತ್ತಿದೆ. ಪೂರ್ತಿ ತೆಗೆದು ಸ್ಲ್ಯಾಬ್ ಹಾಕಿಸಲು ಗೌಂಡಿಯವರು 3.80 ಲಕ್ಷ ಹೇಳಿದ್ದಾರೆ. ನನ್ನಲ್ಲಿರುವುದು 80 ಸಾವಿರ. ಖಾಸಗಿ ಶಾಲೆಯಲ್ಲಿ ಬರುವ ಸಂಬಳ 28 ಸಾವಿರ. ಊರಿನ ಸಾಹುಕಾರರು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ನಾಳೆಯೇ ಕೊಡುತ್ತಾರೆ. ಬ್ಯಾಂಕಿನವರು ಮನೆ ದುರಸ್ತಿ ಸಾಲಕ್ಕೆ ಶೇಕಡಾ 9 ಎಂದರೂ, ಉತಾರ, ಅಂದರೆ ಮನೆಯ ಹಕ್ಕಿನ ದಾಖಲೆ, ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಇರುವುದರಿಂದ ಆಗುವುದಿಲ್ಲ ಎಂದರು. ಬಲ್ಲವರು ದಾರಿ ತೋರಿಸಬೇಕು.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ
ಮೇಷ್ಟ್ರೇ, ತಾವು ಲೆಕ್ಕ ಕಲಿಸುವವರೋ ಇಲ್ಲವೋ ತಿಳಿಯದು, ಆದರೂ ಈ ಲೆಕ್ಕವನ್ನೊಮ್ಮೆ ನೋಡಿ. ಸಾಹುಕಾರರಿಂದ 3 ಲಕ್ಷ ತಂದರೆ ತಿಂಗಳಿಗೆ 6,000 ರೂಪಾಯಿ ಬರೀ ಬಡ್ಡಿಗೇ ಹೋಗುತ್ತದೆ, ಅಸಲಿನಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ. ಅದೇ 3 ಲಕ್ಷಕ್ಕೆ ಬ್ಯಾಂಕಿನ ಶೇಕಡಾ 9ರಂತೆ ಐದು ವರ್ಷಕ್ಕೆ ಬರುವ ಕಂತು ಸುಮಾರು 6,230 ರೂಪಾಯಿ, ಮತ್ತು ಐದನೆಯ ವರ್ಷದ ಕೊನೆಗೆ ಸಾಲವೇ ತೀರಿರುತ್ತದೆ. ಮನೆಯ ಕಾಗದ ಕೇಳದ ವೈಯಕ್ತಿಕ ಸಾಲ ಶೇಕಡಾ 14ಕ್ಕೆ ಸಿಕ್ಕರೆ ಕಂತು ಸುಮಾರು 6,980 ಆಗುತ್ತದೆ. ಅಂದರೆ ಶೇಕಡಾ 9ರ ಸಾಲಕ್ಕಿಂತ ಐದು ವರ್ಷದಲ್ಲಿ ಅವಸರಕ್ಕೆ ತಾವು ತೆರುವ ಬೆಲೆ ಒಟ್ಟು ಸುಮಾರು 45 ಸಾವಿರ. ಇನ್ನು ಕೆಲವರು 'ಫ್ಲಾಟ್ 9' ಎನ್ನುತ್ತಾರೆ. ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಹಾಕುವ ಆ ಪದ್ಧತಿಯಲ್ಲಿ ಕಂತು 7,250 ಆಗುತ್ತದೆ, ನಿಜವಾದ ದರ ಶೇಕಡಾ ಹದಿನೈದೂವರೆಯನ್ನೂ ದಾಟುತ್ತದೆ. ಆದ್ದರಿಂದ ಇಳಿಕೆಯ ಬಾಕಿಗೆ ಬಡ್ಡಿಯೋ ಎಂದು ಕೇಳದೆ ಸಹಿ ಮಾಡಬೇಡಿ. ಬದಲಾಗುವ ಬಡ್ಡಿದರದ ಮನೆ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲವಾದ್ದರಿಂದ ಕೈಗೆ ಹಣ ಬಂದಾಗ ಅಸಲಿಗೆ ಕಟ್ಟುತ್ತ ಹೋಗಬಹುದು.

ಉತ್ತರ: ದಸ್ತಾವೇಜು ಬರೆಯುವವ
ಬ್ಯಾಂಕಿನವರು ಬಾಗಿಲು ಮುಚ್ಚಿಲ್ಲ, ಕಾಗದ ಕೇಳುತ್ತಿದ್ದಾರೆ ಅಷ್ಟೇ. ತಂದೆಯವರ ಮರಣ ಪ್ರಮಾಣಪತ್ರ ಮತ್ತು ನಾಡ ಕಚೇರಿಯ ವಂಶಾವಳಿ ಇಟ್ಟುಕೊಂಡು ಪಂಚಾಯಿತಿಯಲ್ಲಿ ವಾರಸುದಾರರ ಹೆಸರಿಗೆ ಬದಲಾವಣೆ ಕೋರಿ ಅರ್ಜಿ ಕೊಡಿ. ಬಳಿಕ ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ಮನೆಯ ದಾಖಲೆ ಪಡೆಯಿರಿ. ಅಣ್ಣತಮ್ಮಂದಿರಿಗೆ ಮಾತ್ರವಲ್ಲ, ಅಕ್ಕತಂಗಿಯರಿಗೂ, ತಾಯಿಯವರಿದ್ದರೆ ಅವರಿಗೂ ಪಾಲುಂಟು ಎಂಬುದನ್ನು ಮರೆಯಬೇಡಿ. ಅವರು ಒಪ್ಪಿದರೆ ಉಪ ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಬಹುದು, ಇಲ್ಲವೆ ಎಲ್ಲರೂ ಸಾಲದಲ್ಲಿ ಜೊತೆಗಾರರಾಗಬಹುದು. ಬಾಯಿಮಾತಿನ ಒಪ್ಪಿಗೆ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ನಾಳೆ ಮನೆಯೊಳಗೂ ಅದು ನಿಲ್ಲದಿರಬಹುದು.

ಉತ್ತರ: ವಾಡಿಯ ಸಿವಿಲ್ ಡಿಪ್ಲೊಮಾದವ
ಹಳೆಯ ಗೋಡೆ ಸ್ಲ್ಯಾಬಿನ ಭಾರ ತಾಳದು ಎಂದು ಹಲವರು ಹೆದರಿಸುತ್ತಾರೆ. ನಾಲ್ಕಿಂಚಿನ ಕಾಂಕ್ರೀಟು ಚದರ ಮೀಟರಿಗೆ ಸುಮಾರು 250 ಕಿಲೋ ತೂಗಿದರೆ, ಒಂದು ಅಡಿ ಮಣ್ಣು ಅದರ ಹತ್ತಿರ ಹತ್ತಿರ ಎರಡರಷ್ಟು ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಚಿಂತೆ ಭಾರದ್ದಲ್ಲ, ಮಣ್ಣಿನಲ್ಲಿ ಕಟ್ಟಿದ ಗೋಡೆಯ ತಲೆ ಮಳೆನೀರಿಗೆ ಸಡಿಲವಾಗಿದೆಯೇ, ಅದರ ಮೇಲೆ ಸುತ್ತಲೂ ಕಾಂಕ್ರೀಟ್ ಬೆಡ್ ಬೇಕೇ ಎಂಬುದನ್ನು ಎಂಜಿನಿಯರರಿಂದ ನೋಡಿಸಿ. ಅವರು ಬರೆದುಕೊಡುವ ಅಂದಾಜು ಪಟ್ಟಿ ಬ್ಯಾಂಕಿಗೂ ಬೇಕಾಗುತ್ತದೆ. ನನ್ನ ಮಾತು ಕೇಳುವುದಾದರೆ, ಉದುರುತ್ತಿರುವ ಆ ಗರ್ಡರಿಗೆ ಇಂದೇ ಆಸರೆಯ ಕಂಬ ಕೊಟ್ಟು, ಆ ಅಂಕಣದ ಕೆಳಗೆ ಯಾರೂ ಮಲಗದಂತೆ ಮಾಡಿ, ಮೇಲಿನ ಮಣ್ಣು ಇಳಿಸಿ. ಅದಕ್ಕೆ ತಮ್ಮ 80 ಸಾವಿರದಲ್ಲಿ ಸ್ವಲ್ಪ ಭಾಗ ಸಾಕು. ಹಳೆಯ ಗರ್ಡರು ಗುಜರಿಯಲ್ಲಿ ತೂಕಕ್ಕೆ ಹೋಗುತ್ತದೆ, ಒಡೆಯದ ಫರಸಿ ಅಂಗಳಕ್ಕೆ ಬರುತ್ತದೆ, ಗೌಂಡಿಯವರ 3.80 ಲಕ್ಷದಲ್ಲಿ ಅದನ್ನು ಕಳೆದಿದ್ದಾರೆಯೇ ಎಂದು ಕೇಳಿ. ಸ್ಲ್ಯಾಬಿನ ಕೆಲಸ ಬೇಸಿಗೆ ಬಿರುಸಾಗುವ ಮೊದಲೇ ಮುಗಿಯಲಿ, ಏಕೆಂದರೆ ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಕ್ಯೂರಿಂಗಿಗೆ, ಅಂದರೆ ಹೊಸ ಕಾಂಕ್ರೀಟನ್ನು ಒದ್ದೆಯಾಗಿಡಲು, ನೀರು ಹೊಂದಿಸುವುದೇ ದೊಡ್ಡ ಕೆಲಸವಾಗುತ್ತದೆ.

ಚಿತ್ತಾಪುರದ ಮೇಷ್ಟ್ರು
ಎಲ್ಲರಿಗೂ ವಂದನೆಗಳು. ಸಾಹುಕಾರರಿಗೆ ಬೇಡವೆಂದು ಹೇಳಿಬಂದೆ, ಗರ್ಡರಿಗೆ ಕಂಬ ಕೊಡಿಸಿಯಾಯಿತು. ಸೇಡಂನಲ್ಲಿರುವ ತಂಗಿ ಬಿಡುಗಡೆ ಪತ್ರಕ್ಕೆ ಒಪ್ಪಿದ್ದಾಳೆ. ಪುಣೆಯಲ್ಲಿ ದುಡಿಯುವ ತಮ್ಮ ಮಾತ್ರ ಸಹಿಗೆ ದೀಪಾವಳಿಗೇ ಬರಲು ಸಾಧ್ಯವೆಂದಿದ್ದಾನೆ. ಅಷ್ಟರೊಳಗೆ ವಂಶಾವಳಿ ಮತ್ತು ಅಂದಾಜು ಪಟ್ಟಿ ತಯಾರಿಡುತ್ತೇನೆ.