ಹಳೇ ಆಲ್-ಇನ್-ಒನ್‌ಗೆ ಐ7 ಹಾಕಬಹುದಾ? ಕೇಳಿದ್ದು, ಹೇಳಿದ್ದು

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ):
ಸರ್, ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ. ಇರೋದು ಲೆನೊವೊ ಸಿ560, 23 ಇಂಚಿನ ಆಲ್-ಇನ್-ಒನ್, ಅಂದರೆ ಪರದೆಯ ಹಿಂದೆಯೇ ಇಡೀ ಕಂಪ್ಯೂಟರ್ ಇರುವಂಥದ್ದು. ಪ್ರೊಸೆಸರ್ ಪೆಂಟಿಯಂ ಜಿ3220ಟಿ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಹಾಕಿಸಿ ಆಗಿದೆ, ರ‍್ಯಾಮ್ 8 ಜಿಬಿ ಇದೆ. ಆನ್ ಆಗೋದೇನೋ ಬೇಗ. ಆದರೆ ಫೋಟೋಶಾಪ್, ಕೋರೆಲ್ ಡ್ರಾ, ಬ್ರೌಸರ್ ಮೂರನ್ನೂ ತೆರೆದಿಟ್ಟರೆ ಮೌಸ್ ಕೂಡ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಅಂದರೆ ಪ್ರೊಸೆಸರ್ ಬಳಕೆ, 100% ತೋರಿಸುತ್ತದೆ. ಪರಿಚಯದವರ ಹತ್ತಿರ ಹಳೇ ಐ7-4790 ಇದೆ, ಕಡಿಮೆಗೆ ಕೊಡ್ತೀನಿ ಅಂತಾರೆ. ನಮ್ಮ ಮಷೀನ್‌ಗೆ ಕೂರುತ್ತದಾ?

ಉತ್ತರ:
ಕೂರುತ್ತದೆ. ಆದರೆ ಹಾಕಬೇಡಿ.

ಮೊದಲು ಒಂದು ಮಾತು. ಸ್ಲೋ ಅಂತ ನನ್ನ ಹತ್ತಿರ ಬರುವ ಆಲ್-ಇನ್-ಒನ್‌ಗಳಲ್ಲಿ ಹೆಚ್ಚಿನವಕ್ಕೆ ಪ್ರೊಸೆಸರ್ ಬೇಕಾಗಿರುವುದಿಲ್ಲ, ಎಸ್‌ಎಸ್‌ಡಿ ಹಾಕಿದರೆ ಸಾಕು. ನೀವು ಅದನ್ನು ಮುಗಿಸಿ, ಸಿಪಿಯು 100 ಮುಟ್ಟುವುದನ್ನೂ ನೋಡಿ ಬಂದಿದ್ದೀರಿ. ಹಾಗಾಗಿ ನಿಮ್ಮ ವಿಷಯದಲ್ಲಿ ಪ್ರೊಸೆಸರ್ ಬದಲಿಸೋದು ಸರಿಯಾದ ಯೋಚನೆಯೇ. ಚಿಪ್ ಮಾತ್ರ ಬೇರೆ ಬೇಕು.

ನಿಮ್ಮ ಪೆಂಟಿಯಂ ಮತ್ತು ಆ ಐ7 ಎರಡೂ ಎಲ್‌ಜಿಎ1150 ಸಾಕೆಟ್‌ನವು (ಸಾಕೆಟ್ ಅಂದರೆ ಬೋರ್ಡಿನಲ್ಲಿ ಚಿಪ್ ಕೂರುವ ಜಾಗ). ಇಂಟೆಲ್ 2013ರಲ್ಲಿ ತಂದ ಸಾಕೆಟ್ ಅದು. ಅದಕ್ಕೇ ಕೂರುತ್ತದೆ ಅಂದೆ. ತೊಂದರೆ ಇರೋದು ವ್ಯಾಟ್‌ನಲ್ಲಿ. ನಿಮ್ಮದು 35 ವ್ಯಾಟ್ ಚಿಪ್, ಐ7-4790 ಅಂದರೆ 84 ವ್ಯಾಟ್. ಟವರ್ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮೇಲೆ ದಪ್ಪನೆಯ ಹೀಟ್‌ಸಿಂಕ್ (ಬಿಸಿ ಎಳೆದುಕೊಳ್ಳುವ ಲೋಹದ ತುಂಡು), ದೊಡ್ಡ ಫ್ಯಾನ್ ಇರುತ್ತದೆ. ನಿಮ್ಮದರಲ್ಲಿ ಇರೋದು ಚಪ್ಪಟೆ ತಾಮ್ರದ ಪೈಪು, ಅದರ ತುದಿಗೊಂದು ಸಣ್ಣ ಬ್ಲೋವರ್, ಅಷ್ಟೇ. 84 ವ್ಯಾಟ್ ಬಿಸಿಯನ್ನು ಹೊರಗೆ ತಳ್ಳುವ ತಾಕತ್ತು ಅದಕ್ಕಿಲ್ಲ. ಬಿಸಿ ಮಿತಿ ದಾಟಿದ ಕೂಡಲೇ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನಮ್ಮೂರ ಶೀಟಿನ ಅಂಗಡಿಗಳ ಗತಿ ನಿಮಗೇ ಗೊತ್ತು. ಐ7ಗೆ ದುಡ್ಡು ಕೊಟ್ಟು ಫ್ಯಾನ್ ಸದ್ದು ಕೇಳಿಕೊಂಡು ಕೂರಬೇಕಾಗುತ್ತದೆ. ಇನ್ನು ಕೆಳಗಿರುವ ಅಡಾಪ್ಟರ್. ಅದರ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ನೋಡಿ. ಪರದೆ, ಡಿಸ್ಕ್, ಯುಎಸ್‌ಬಿ ಎಲ್ಲವೂ ಅಷ್ಟರಲ್ಲೇ ನಡೆಯಬೇಕು.

ಇಂಟೆಲ್‌ನ ಈ ನಾಲ್ಕನೇ ಪೀಳಿಗೆಯಲ್ಲಿ (ಐ7-4790ರ ಮೊದಲ 4 ಹೇಳೋದು ಅದನ್ನೇ) ಸಂಖ್ಯೆಯ ಕೊನೆಯ ಅಕ್ಷರ ನೋಡಿ ಕೊಳ್ಳಬೇಕು. ನಾಲ್ಕು ಕೋರ್‌ನ (ಕೋರ್ ಅಂದರೆ ಚಿಪ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ) ಐ5ಗಳಲ್ಲಿ ಅಕ್ಷರ ಇಲ್ಲದವು 84 ವ್ಯಾಟ್, 'ಎಸ್' ಇದ್ದರೆ 65, 'ಟಿ' ಇದ್ದರೆ 35 ಅಥವಾ 45. ನೀವು ಹುಡುಕಬೇಕಾದ್ದು 35 ವ್ಯಾಟ್‌ನ ಐ5-4590ಟಿ.

ಪ್ರಶ್ನೆ (ಅದೇ ಅಂಗಡಿ):
ಅಡಾಪ್ಟರ್ ಮೇಲೆ 19.5 ವೋಲ್ಟ್, 6.15 ಆಂಪಿಯರ್ ಅಂತ ಇದೆ. ಐ5-4570ಟಿ ಒಂದು ಕಡೆ ಸಿಗ್ತಾ ಇದೆ. ಎರಡೂ ಒಂದೇ ಅಲ್ವಾ?

ಉತ್ತರ:
ಅಡಾಪ್ಟರ್ ಸುಮಾರು 120 ವ್ಯಾಟ್ ಆಯಿತು. 35 ವ್ಯಾಟ್ ಚಿಪ್‌ಗೆ ಚಿಂತೆ ಇಲ್ಲ.

4570ಟಿ ಮಾತ್ರ ಒಂದೇ ಅಲ್ಲ. ತುಂಬಾ ಜನ ಬೀಳುವ ಗುಂಡಿ ಅದು. ಹೆಸರು ಐ5, ಒಳಗೆ ಇರೋದು ಎರಡೇ ಕೋರ್, ನಾಲ್ಕು ಥ್ರೆಡ್ (ಒಂದೊಂದು ಕೋರ್ ಒಮ್ಮೆಗೆ ಎರಡು ಕೆಲಸ ಹಿಡಿಯುತ್ತದೆ). 4590ಟಿಯಲ್ಲಿ ನಾಲ್ಕು ಕೋರ್ ಇವೆ. ಹಾಗಂತ 4570ಟಿ ಕಸ ಅಲ್ಲ, ಅದರ ವೇಗ 2.9ರಿಂದ 3.6 ಗಿಗಾಹರ್ಟ್ಸ್. 4590ಟಿ 2.0ರಿಂದ 3.0. ಒಂದೇ ಸಾಫ್ಟ್‌ವೇರ್ ತೆರೆದು ಕೆಲಸ ಮಾಡುವವರಿಗೆ 4570ಟಿ ಚುರುಕು ಅನಿಸಬಹುದು. ನೀವು ಮೂರು ತೆರೆದಿಡುವವರು, ನಾಲ್ಕು ಕೋರ್‌ನದೇ ನೋಡಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಕೋಬೇಡಿ. ನಿಮ್ಮ ಪೆಂಟಿಯಂ 2.6 ಗಿಗಾಹರ್ಟ್ಸ್‌ನದು. ಹೊಸದು ಹೆಚ್ಚೆಂದರೆ 3.0. ಒಂದೇ ಪುಟ ತೆರೆಯುವಾಗ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎಲ್ಲ ಒಟ್ಟಿಗೆ ನಡೆಯುವಾಗ ಮೌಸ್ ತಡವರಿಸೋದು ಕಡಿಮೆ ಆಗುತ್ತದೆ. ಜೊತೆಗೆ ನಿಮ್ಮ ಪೆಂಟಿಯಂನಲ್ಲಿ ಎವಿಎಕ್ಸ್ ಅನ್ನುವ ಸೌಲಭ್ಯವೇ ಇಲ್ಲ, ಅದಿಲ್ಲದೆ ಕೆಲವು ಹೊಸ ಸಾಫ್ಟ್‌ವೇರ್ ಓಡುವುದಿಲ್ಲ. ಐ5ನಲ್ಲಿ ಇದೆ.

ಬೆಲೆ? ಒಳ್ಳೆ ಎಸ್‌ಎಸ್‌ಡಿಗಿಂತ ಜಾಸ್ತಿ ಕೇಳಿದರೆ ಬಿಟ್ಟುಬಿಡಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿಸಿ. ಚಿಪ್ ಮೇಲೆ ಕೆತ್ತಿದ ಸಂಖ್ಯೆಯನ್ನು ನೀವೇ ಓದಿ, 'ಇಂಟೆಲ್ ಕಾನ್ಫಿಡೆನ್ಷಿಯಲ್' ಅಂತ ಇದ್ದರೆ ಮುಟ್ಟಬೇಡಿ. ಅದು ಪರೀಕ್ಷೆಗೆ ಮಾಡಿದ ಮಾದರಿ.

ಚಿತ್ರದುರ್ಗದಿಂದ ಒಬ್ಬರು:
ನಾನು ಇಂಥದ್ದೇ ಮಷೀನ್‌ಗೆ ಐ7-4790 ಹಾಕಿದ್ದೇನೆ, ಆರಾಮಾಗಿ ನಡೀತಿದೆ. ವಿಂಡೋಸ್ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರ್ ಗರಿಷ್ಠ ಮಟ್ಟ 99% ಅಂತ ಇಟ್ಟಿದ್ದೇನೆ. ಸುಮ್ನೆ ಹೆದರಿಸಬೇಡಿ.

ಉತ್ತರ:
99% ಇಟ್ಟರೆ ಟರ್ಬೊ (ಚಿಪ್ ತಾನೇ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ, ಬಿಸಿ ಇಳಿಯುತ್ತದೆ, ನಿಜ. ಆದರೂ ನಾಲ್ಕೂ ಕೋರ್ 3.6ರ ತನಕ ಓಡಬಲ್ಲವು. ಬ್ರೌಸರ್ ನೋಡುವಾಗ ಏನೂ ಆಗಲ್ಲ. ಅರ್ಧ ಗಂಟೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಗಿಗಾಹರ್ಟ್ಸ್ ಎಲ್ಲಿಗೆ ಇಳಿಯುತ್ತದೆ ನೋಡಿ ಹೇಳಿ. ಕೈಯಲ್ಲಿ ಬಿಟ್ಟಿ ಚಿಪ್ ಇದ್ದರೆ ನಿಮ್ಮ ದಾರಿ ಸರಿ. ದುಡ್ಡು ಕೊಟ್ಟು ಕೊಂಡು ಆಮೇಲೆ ಕಟ್ಟಿಹಾಕುವ ಅಗತ್ಯ ನನಗೆ ಕಾಣಲ್ಲ.

ಹರಿಹರದಿಂದ:
ನಮ್ಮದೂ ಆಲ್-ಇನ್-ಒನ್, ಐ3-5005ಯು. ಐ5 ಹಾಕಬಹುದಾ?

ಉತ್ತರ:
ಇಲ್ಲ. 'ಯು' ಅಂದರೆ ಲ್ಯಾಪ್‌ಟಾಪ್ ಚಿಪ್, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅನುಮಾನ ಇದ್ದವರು ಸಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ 'ಪ್ಯಾಕೇಜ್' ಸಾಲು ನೋಡಿ. ಎಲ್‌ಜಿಎ ಅಂದರೆ ಬದಲಿಸಬಹುದು, ಬಿಜಿಎ ಅಂದರೆ ಆಗಲ್ಲ.

ಪ್ರಶ್ನೆ (ನಿಟುವಳ್ಳಿ):
ಚಿಪ್ ಸಿಕ್ಕಿತು. ನಾನೇ ಬಿಚ್ಚಬಹುದಾ? ಹಾಕಿದ ಮೇಲೆ ವಿಂಡೋಸ್ 11 ಬರುತ್ತಾ?

ಉತ್ತರ:
ಬಿಚ್ಚುವ ಮುಂಚೆ ಬಯೋಸ್ ನೋಡಿ. ಮಷೀನ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್ ಅದು. 4590ಟಿ ಬಂದಿದ್ದು 2014ರಲ್ಲಿ. ನಿಮ್ಮ ಬಯೋಸ್ ಅದಕ್ಕಿಂತ ಹಳೇದಾದರೆ ಹೊಸ ಚಿಪ್ ಗುರುತಿಸದೆ ಪರದೆ ಕಪ್ಪಗೇ ಉಳಿಯಬಹುದು. ಪೆಂಟಿಯಂ ಇರುವಾಗಲೇ ಅಪ್‌ಡೇಟ್ ಮಾಡಿ, ಯುಪಿಎಸ್ ಮೇಲಿಟ್ಟೇ ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಯ್ತು ಅಂದುಕೊಳ್ಳಿ.

ಆಮೇಲೆ ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ. ಮೆತ್ತನೆ ಕಂಬಳಿ ಹಾಸಿ ಪರದೆ ಕೆಳಗೆ ಮಾಡಿ ಮಲಗಿಸಿ. ಹಿಂದಿನ ಮುಚ್ಚಳ ಕ್ಲಿಪ್‌ಗಳಲ್ಲಿ ಕೂತಿರುತ್ತದೆ, ಹಳೇ ಎಟಿಎಂ ಕಾರ್ಡ್ ತೂರಿಸಿ ಬಿಡಿಸಿ, ಸ್ಕ್ರೂಡ್ರೈವರ್ ಬೇಡ. ಹೀಟ್‌ಸಿಂಕ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಮಂಡಕ್ಕಿ ಭಟ್ಟಿ ಕಡೆಯಿಂದ ಬಂದ ಮಷೀನ್‌ಗಳ ಬ್ಲೋವರ್‌ನಲ್ಲಿ ಮಸಿ ಮತ್ತು ಧೂಳು ಸೇರಿ ಚಾಪೆ ಹಾಗೆ ಹೆಣೆದುಕೊಂಡಿರುತ್ತದೆ. ನಿಮ್ಮದರಲ್ಲೂ ಏನಾದರೂ ಸಿಗುತ್ತದೆ, ಬ್ರಷ್‌ನಲ್ಲಿ ತೆಗೆಯಿರಿ. ಚಿಪ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ಹಚ್ಚಿದ್ದ, ಈಗ ಒಣಗಿ ಸುಣ್ಣದಂತಾದ ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ.

ಪಿನ್‌ಗಳು ಚಿಪ್‌ನಲ್ಲಿಲ್ಲ, ಸಾಕೆಟ್‌ನಲ್ಲಿವೆ. ಒಂದು ಬಾಗಿದರೂ ಬೋರ್ಡ್ ಕೆಟ್ಟಂತೆಯೇ. ಚಿಪ್ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ ಗುರುತಿಗೆ ಹೊಂದಿಸಿ ಇಟ್ಟುಬಿಡಿ, ಒತ್ತಬೇಡಿ. ಲಿವರ್ ಇಳಿಸುವಾಗ ಕರ್ ಅನ್ನುತ್ತದೆ, ಗಾಬರಿ ಬೇಡ. ಚಿಪ್ ಮೇಲೆ ಮಧ್ಯದಲ್ಲಿ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಸಾಕು.

ವಿಂಡೋಸ್ 11? ಇಲ್ಲ. ಅಧಿಕೃತವಾಗಿ ಇಂಟೆಲ್‌ನಲ್ಲಿ ಏಳನೇ ಪೀಳಿಗೆಯ ಬೆರಳೆಣಿಕೆಯ ಚಿಪ್ ಬಿಟ್ಟರೆ, ಎಂಟನೇ ಪೀಳಿಗೆ ಮತ್ತು ನಂತರದವಕ್ಕೆ ಮಾತ್ರ. ವಿಂಡೋಸ್ 10ಗೆ ಮಾಮೂಲಿ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ಆಧಾರ್, ಬ್ಯಾಂಕ್ ವಿವರ ತುಂಬುವ ಅರ್ಜಿ ಕೆಲಸವನ್ನು ಬೇರೆ ಮಷೀನ್‌ಗೆ ಬಿಡಿ, ಇದನ್ನು ಡಿಸೈನ್‌ಗೆ ಮಾತ್ರ ಇಟ್ಟುಕೊಳ್ಳಿ. ಹಾಗೆ ಮಾಡಿದರೆ ಬ್ರೌಸರ್ ಭಾರವೂ ಇಳಿಯುತ್ತದೆ.

ಪ್ರಶ್ನೆ:
ಹಳೇ ಪೆಂಟಿಯಂ ಮಾರಿಬಿಡಲಾ?

ಉತ್ತರ:
ಏನೂ ಹುಟ್ಟಲ್ಲ. ಹೊಸ ಚಿಪ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು, ಮೇಲೆ ಹೆಸರು ಬರೆದಿಡಿ. ನಾಳೆ ಮಷೀನ್ ಆನ್ ಆಗದಿದ್ದರೆ ತಪ್ಪು ಚಿಪ್‌ನದಾ ಬೋರ್ಡಿನದಾ ಅಂತ ನೋಡಲು ನಾನು ಮೊದಲು ಕೇಳೋದು ಅದನ್ನೇ.