ಇಲ್ಲದ ಬೆರಳು ಕಡಿಯುವುದು ಎಲ್ಲಿ? ದೇಹದಲ್ಲೋ ಮನಸ್ಸಿನಲ್ಲೋ?

ಹಿತ್ತಲಮಲ್ಲಿಗೆ:
ಸಕ್ಕರೆ ಕಾಯಿಲೆಯಿಂದಾಗಿ ಅಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ನಾಲ್ಕು ತಿಂಗಳಾಯಿತು. ರಾತ್ರಿ ಎರಡು ಗಂಟೆಗೆ ಕೂಗುತ್ತಾರೆ: "ಹೆಬ್ಬೆರಳು ಕಡೀತಾ ಇದೆ ಮಗಾ." ಮೊನ್ನೆ ಏನೂ ತೋಚದೆ, ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದ ಜಾಗದಲ್ಲಿ, ಬೆರಳು ಇರಬೇಕಾಗಿದ್ದ ಕಡೆ ಹಾಸಿಗೆಯನ್ನೇ ಕೆರೆದೆ. "ಇನ್ನೂ ಸ್ವಲ್ಪ ಈಚೆಗೆ... ಹಾಂ, ಅಲ್ಲೇ" ಅಂದರು. ಹಾಗೇ ನಿದ್ದೆ ಹೋದರು. ನನಗೆ ಬೆಳಗಿನವರೆಗೂ ಕಣ್ಣು ಹತ್ತಲಿಲ್ಲ. ನರದ ವಿಷಯ ಡಾಕ್ಟರು ಹೇಳಿದ್ದಾರೆ. ನಾನು ಕೇಳುತ್ತಿರುವುದು ಬೇರೆ: ಆ ಕಡಿತ ಇದ್ದದ್ದಾದರೂ ಎಲ್ಲಿ? ತತ್ತ್ವಶಾಸ್ತ್ರ ಓದಿದವರು ಯಾರಾದರೂ ಹೇಳಿ.

ಹಳೇಮೇಷ್ಟ್ರು:
ತಾಯೀ, ಕೈಯೋ ಕಾಲೋ ಕಳೆದುಕೊಂಡವರು ಅದೇ ಅಂಗದಲ್ಲಿ ನೋವು ಅನ್ನುವುದನ್ನು ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ 1641ರ 'ಮೆಡಿಟೇಷನ್ಸ್' ಪುಸ್ತಕದಲ್ಲೇ ಬರೆದಿದ್ದಾನೆ. ನರವೆಂದರೆ ಕಾಲಿನಿಂದ ಮಿದುಳಿನವರೆಗೆ ಎಳೆದು ಕಟ್ಟಿದ ಹಗ್ಗದ ಹಾಗೆ. ನಡುವೆ ಎಲ್ಲಿ ಜಗ್ಗಿದರೂ ಮೇಲಿನ ತುದಿ ಅಲ್ಲಾಡುತ್ತದೆ, ಮನಸ್ಸು ಅದನ್ನು ಕಾಲು ಎಂದುಕೊಳ್ಳುತ್ತದೆ. ಆದರೆ ಅವನ ಮಾತಿನಂತೆ ಮನಸ್ಸಿಗೆ ಉದ್ದ ಅಗಲ ಇಲ್ಲ. ಹಾಗಾದರೆ ಆ ಹಗ್ಗ ಮನಸ್ಸನ್ನು ಮುಟ್ಟುವುದು ಹೇಗೆ?

1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್, ಆಗ ಅವಳಿಗೆ 24, ಹೇಗ್‌ನಿಂದ ಅವನಿಗೆ ಕಾಗದ ಬರೆದು ಹಿಡಿದದ್ದು ಈ ಗಂಟನ್ನೇ: ತಗಲದೆ ತಳ್ಳುವುದು ಹೇಗೆ? ಅವನ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಆತ್ಮಕ್ಕೂ ಗಾತ್ರವಿದೆ ಎಂದುಕೊಳ್ಳುವುದೇ ನನಗೆ ಸುಲಭ ಎಂದು ತಿರುಗಿ ಬರೆದಳು. ಕೊನೆಗೆ ಅವನು, ಮನಸ್ಸು-ದೇಹಗಳ ಈ ಕೂಡಿಕೆ ತಿಳಿಯುವುದು ಚಿಂತನೆಯಿಂದಲ್ಲ, ದಿನನಿತ್ಯದ ಬದುಕಿನಿಂದ ಅಂದ. ಇದನ್ನು ಜಾರಿಕೆಯ ಉತ್ತರ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ರಾತ್ರಿ ನಿಮ್ಮ ಕೈಗೆ ಜಾಗ ಗೊತ್ತಿತ್ತಲ್ಲ.

ತಾಳೆಗರಿ:
ಮೇಷ್ಟ್ರೇ, ಮನಸ್ಸು ಬೇರೆ ದೇಹ ಬೇರೆ ಎಂದು ಡೆಕಾರ್ಟ್ ಗೆರೆ ಎಳೆದ ಜಾಗವೇ ತಪ್ಪಿದ್ದರೆ? ನಮ್ಮ ಹಳೆಯ ಸಾಂಖ್ಯ ದರ್ಶನದಲ್ಲಿ ಮನಸ್ಸು, ಬುದ್ಧಿ, ಅಹಂಕಾರ ಎಲ್ಲ ಪ್ರಕೃತಿಯವೇ, ಅಂದರೆ ಜಡದ ಪಾಲಿನವೇ, ಕಾಲಿನ ಕಡೆಯವೇ. ಆಚೆ ಉಳಿಯುವುದು ಬರೀ ನೋಡುವ ಪುರುಷ, ಅಂದರೆ ಅರಿವು. ಆಗ ಕಾಲಿಗೂ ಮನಸ್ಸಿಗೂ ನಂಟು ಕಷ್ಟವಲ್ಲ. ಗಂಟು ಪುರುಷನ ಹತ್ತಿರಕ್ಕೆ ಸರಿಯುತ್ತದೆ, ನಿಜ. ಅಲ್ಲಿ ಕೊಡುವ, ನಡೆಯುವ ಕುರುಡನ ಹೆಗಲ ಮೇಲೆ ನೋಡುವ ಕುಂಟ ಕೂತ ಹೋಲಿಕೆ ನನಗೂ ಸಾಲದು.

ನಡಿಗೆಮನೆ:
ನಾನು ಫಿಸಿಯೋಥೆರಪಿಸ್ಟ್. ಕನ್ನಡಿ ಇಟ್ಟು ನೋಡಿದ್ದೀರಾ ಅಕ್ಕ? ಎರಡು ಕಾಲಿನ ನಡುವೆ ಉದ್ದಕ್ಕೆ ನಿಲ್ಲಿಸಿ ಎಡಗಾಲಿನ ಬೆರಳು ಆಡಿಸಬೇಕು. ಕನ್ನಡಿಯೊಳಗೆ ಬಲಗಾಲೇ ಆಡಿದಂತೆ ಕಾಣುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರಿಗೆ ಹೀಗೆ ಮಾಡಿಸಿದ್ದರು. ಎಲ್ಲರಿಗೂ ಆಗಿಬರುವುದಿಲ್ಲ, ಕೆಲವರಿಗೆ ಹಾಯೆನಿಸುತ್ತದೆ. ಡಾಕ್ಟರನ್ನು ಕೇಳಿ ಮಾಡಿ.

ಹಿತ್ತಲಮಲ್ಲಿಗೆ:
ಕೇಳಿದೆ, ಮಾಡಿ ಅಂದರು. ಬೀರುವಿನ ಕನ್ನಡಿ ಬಿಚ್ಚಿಸಿ ಇವತ್ತು ಮಧ್ಯಾಹ್ನ ಹಿಡಿದೆ. ಅಪ್ಪ ಹೆಬ್ಬೆರಳು ಆಡಿಸುತ್ತಾ ತುಂಬಾ ಹೊತ್ತು ಅದನ್ನೇ ನೋಡಿದರು. ಆಮೇಲೆ "ಉಗುರು ಬೆಳೆದಿದೆ, ಎರಡೂ ಕಾಲಿಂದು ತೆಗಿ" ಅಂದರು. ಎಡಗಾಲಿನದು ತೆಗೆಯುವಾಗ ಕನ್ನಡಿಯನ್ನು ಅಲ್ಲೇ ಇಟ್ಟಿದ್ದೆ.

ಮೇಷ್ಟ್ರೇ, ಎಲಿಜಬೆತ್ ಬರೆದ ಕಾಗದಗಳು ಕನ್ನಡಕ್ಕೆ ಬಂದಿವೆಯೇ? ಅಪ್ಪನಿಗೆ ಓದಿ ಹೇಳಬೇಕು.